ಗಂಟಲಿನಿಂದ ಬಂದ ಹೆಸರು

ಚಿಕ್ಕಬೀರಪ್ಪನ ಹೆಂಡತಿ ದುರ್ಗಮ್ಮನ ಹೆರಿಗೆ ಬಹಳ ಕಷ್ಟವಾಗಿತ್ತು. ಆಗ ಅವನು ತರೀಕೆರೆ ಕಡೆಯ ಒಂದು ದರ್ಗಾಕ್ಕೆ ಹರಕೆ ಹೊತ್ತಿದ್ದ: ತಾಯಿ ಮಗು ಇಬ್ಬರೂ ಉಳಿದರೆ ಅಲ್ಲಿ ಹೇಳಿದ ಹೆಸರನ್ನೇ ಇಡುತ್ತೇನೆ. ಎರಡು ಜೀವವೂ ಉಳಿದವು. ದರ್ಗಾ ನೋಡಿಕೊಳ್ಳುವ ಮುದುಕರಾದ ಹಯಾತ್ ಸಾಬರು ಹೆಣ್ಣುಮಗುವಿಗೆ ‘ಕಮರ್’ ಎಂದು ಹೆಸರು ಕೊಟ್ಟರು. ಅರ್ಥ ಕೇಳಬೇಕೆನ್ನುವಾಗ ಬಸ್ಸು ಬಂತು. ಬಾಯಿ ಮುಚ್ಚಿಕೊಂಡು ಓಡಿ ಹತ್ತಿದ್ದ.

ತೊಟ್ಟಿಲಿಗೆ ಹಾಕುವ ದಿನ ಸಿಂಗಟಗೆರೆಯ ಅತ್ತೆ ಮನೆಯಲ್ಲಿ ಬೆಳಿಗ್ಗೆಯೇ ಹೆಸರು ಹೇಳಿದ. ಅತ್ತೆ ಕರಿಬಸಮ್ಮ ಹಾಲು ಕಾಯಿಸುತ್ತಿದ್ದವರು ಸೌಟು ಹಿಡಿದೇ ಹೊರಗೆ ಬಂದರು.

“ಕಮರಾ? ತಳ ಹಿಡಿದ ಹಾಲಿಗಲ್ವೇ ಅಳಿಯಂದ್ರೇ ಹಂಗನ್ನೋದು?”

“ಹರಕೆ ಅತ್ತೆ. ತಪ್ಪಂಗಿಲ್ಲ.”

“ಹರಕೆ ತಪ್ಪಬಾರ್ದು, ಸರಿ. ನನ್ನ ಮೊಮ್ಮಗಳು ಸೀದೂ ಹೋಗಬಾರ್ದು!”

ಪಕ್ಕದ ಮನೆಯ ಲಕ್ಷ್ಮಣಪ್ಪ ಬೀರೂರಿನ ರೈಲ್ವೆಯಲ್ಲಿದ್ದು ನಿವೃತ್ತನಾದವನು. ಹಿಂದಿ ಬರುತ್ತದೆಂದು ಊರೆಲ್ಲ ನಂಬಿತ್ತು. ಕರೆಯದೆಯೇ ಜಗಲಿ ಹತ್ತಿದ.

“ಸೀದಿದ್ದಲ್ಲ ಕಣಮ್ಮಾ. ಕಮರ್ ಅಂದ್ರೆ ಹಿಂದೀಲಿ ಸೊಂಟ.”

ಎದುರು ಮನೆಯ ಸಾವಿತ್ರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಇವಳು ಸೊಂಟಮ್ಮ. ತಂಗಿ ಹುಟ್ಟಿದ್ರೆ ಮೊಣಕಾಲಮ್ಮ ಅಂತಿಟ್ಬಿಡಿ!”

ಕರಿಬಸಮ್ಮನಿಗೆ ನಗು ಬರಲಿಲ್ಲ. “ಸಂಜೆ ಒಳಗೆ ಒಳ್ಳೇ ಅರ್ಥ ತಂದ್ರೆ ಆ ಹೆಸರು. ಇಲ್ದಿದ್ರೆ ನಮ್ಮವ್ವನ ಹೆಸರು ಕಾಳಮ್ಮ ಅಂತ ಇಡೋದೇ.”

ದುರ್ಗಮ್ಮ ನರಳಿದ್ದು ಚಿಕ್ಕಬೀರಪ್ಪನ ಕಿವಿಯಲ್ಲಿ ಇನ್ನೂ ಮೊಳಗುತ್ತಿತ್ತು. ಅಂಥ ಹೊತ್ತಿನಲ್ಲಿ ಕೊಟ್ಟ ಮಾತು ತಪ್ಪಿ ಮಗುವಿಗೆ ಏನಾದರೂ ಆದರೆ? ತಿಂಡಿಯನ್ನೂ ತಿನ್ನದೆ ಬಸ್ಸು ಹಿಡಿದ. ಬೀರೂರಿನಲ್ಲಿ ಇಳಿದು ತರೀಕೆರೆ ಬಸ್ಸಿನಲ್ಲಿ ನಿಂತುಕೊಂಡೇ ಹೋದ.

ಹಯಾತ್ ಸಾಬರು ಬೇವಿನ ನೆರಳಲ್ಲಿ ಕೂತು ಕೇಳಿಸಿಕೊಂಡರು. ನಿಧಾನವಾಗಿ ನಕ್ಕರು.

“ಲಕ್ಷ್ಮಣಪ್ಪಂದು ತಪ್ಪಿಲ್ಲಪ್ಪಾ. ಬಾಯಲ್ಲಿ ‘ಕ’ ಅಂದ್ರೆ ಸೊಂಟಾನೇ. ಇದು ಅರಬ್ಬಿ ಹೆಸರು, ಗಂಟಲ ತಳದಿಂದ ಬರಬೇಕು. ಹಂಗಂದ್ರೆ ಚಂದ್ರ.”

“ಚಂದ್ರಾನಾ!”

“ಹೂಂ. ಚಂದ್ರಂಗೆ ಸ್ವಂತ ದೀಪ ಇಲ್ಲ. ದೇವರು ಕೊಟ್ಟ ಬೆಳಕನ್ನ ಬಚ್ಚಿಟ್ಕಳ್ದೆ ಎಲ್ರ ಅಂಗಳಕ್ಕೂ ಹಾಕ್ತಾನೆ. ಸವೀತಾನೆ, ಮತ್ತೆ ತುಂಬ್ಕಂತಾನೆ, ಗೊಣಗಲ್ಲ. ಬಾಳು ಹಂಗಿರ್ಲಿ ಅಂತ ಹಿರಿಯರು ಈ ಹೆಸರಿಡೋರು.”

ಚಿಕ್ಕಬೀರಪ್ಪನಿಗೆ ಕಣ್ಣು ತುಂಬಿತು. ವಾಪಸು ಬರುವ ಬಸ್ಸಿನಲ್ಲಿ, ಸೊಂಟ ಮತ್ತೆ ನಾಲಿಗೆಗೆ ಬಂದುಬಿಟ್ಟರೆ ಎಂದು ಹೆದರಿ ಗಂಟಲನ್ನು ಪಳಗಿಸತೊಡಗಿದ. “ಕ್ಹ... ಕ್ಹ... ಕ್ಹಮರ್...” ಕೊಕ್ಕರೆ ಗಂಟಲಲ್ಲಿ ಮೀನು ಸಿಕ್ಕಿಕೊಂಡ ಹಾಗಿತ್ತು. ಪಕ್ಕದವನು ಪಂಚೆ ಎತ್ತಿಕೊಂಡು ದೂರ ಸರಿದ.

“ಲೇ, ಅವನ್ನ ಕಿಟಕಿ ಹತ್ರ ಕೂರಿಸ್ರಪ್ಪಾ, ವಾಂತಿ ಬತ್ತಾ ಐತೆ!” ಎಂದ ಕಂಡಕ್ಟರ್. ಯಾರೋ ಮುದುಕಿ ನಿಂಬೆಹಣ್ಣು ಮೂಸಲು ಕೊಟ್ಟಳು. ಅಲ್ಲ ಎಂದು ಬಿಡಿಸಿ ಹೇಳುವುದಕ್ಕಿಂತ ಮೂಸುವುದೇ ಸುಲಭವೆನಿಸಿತು.

ಸಂಜೆ ತೊಟ್ಟಿಲ ಮುಂದೆ ನಿಂತು ಸಾಬರ ಮಾತನ್ನು ಒಂದೂ ಬಿಡದೆ ಒಪ್ಪಿಸಿದ. ಕರಿಬಸಮ್ಮನ ಮುಖ ಅರಳಿತು. ಲಕ್ಷ್ಮಣಪ್ಪ ತನಗೂ ಹಾಗೇ ಅನುಮಾನವಿತ್ತು ಎಂದ. ಮಗುವಿನ ಕಿವಿಯಲ್ಲಿ ಹೆಸರು ಹೇಳಿದ್ದಾಯಿತು. ಹರಕೆ ತೀರಿತು.

“ಆ ಗಂಟಲು ನಮಗೆಲ್ಲಿ ಬತ್ತದೆ? ಕರೆಯೋಕೆ ಚಂದ್ರಮ್ಮ ಅಂತಿರ್ಲಿ,” ಎಂದು ಅತ್ತೆ ತೊಟ್ಟಿಲು ತೂಗಿದರು. ಎಲ್ಲರೂ ಹೂಂಗುಟ್ಟಿದರು.

ದುರ್ಗಮ್ಮ ಮಾತ್ರ ಗಂಡನಿಗೆ ಒಳಕೋಣೆಗೆ ಬರುವಂತೆ ಕಣ್ಸನ್ನೆ ಮಾಡಿದಳು. ಅವನು ಮೆಚ್ಚುಗೆ ಕೇಳುವ ಮುಖ ಹೊತ್ತು ಹೋದ.

“ನನ್ನ ನೋಡೋಕೆ ಬರೋ ಮುಂಚೆ ಬೀರೂರಲ್ಲಿ ಒಂದು ಹೆಣ್ಣು ನೋಡ್ಕಂಡು ಬಂದಿದ್ರಲ್ಲ. ಅವಳ ಹೆಸರೇನು?”

ಚಿಕ್ಕಬೀರಪ್ಪ ಮೆಲ್ಲಗೆ ಬಾಗಿಲ ಕಡೆ ತಿರುಗಿದ.

“ಹೇಳ್ರೀ.”

“ಚಂದ್ರಮ್ಮ... ಲೇ, ದೇವ್ರಾಣೆ ನಾನು...”

“ಕನ್ನಡದಲ್ಲಿಟ್ರೆ ಗೊತ್ತಾಯ್ತದೆ ಅಂತ ಅರಬ್ಬೀಲಿ ಇಡಿಸ್ಕಂಡು ಬಂದ್ರಾ?”

ಅಷ್ಟರಲ್ಲಿ ಹೊರಗಿನಿಂದ ಅತ್ತೆಯ ಸಂಭ್ರಮದ ಕೂಗು ಕೇಳಿತು: “ಅಳಿಯಂದ್ರೇ, ಬೇಗ ಬನ್ನಿ! ಚಂದ್ರಮ್ಮಾ ಅಂತ ಬಾಯ್ತುಂಬ ಕರೀರಿ ಒಂದ್ಸಲ. ಹೆಂಗೆ ನಗ್ತಾಳೆ ನೋಡಿ!”