ಪರಮೇಶ ಮೇಷ್ಟ್ರ ರತ್ನದ ಇಟ್ಟಿಗೆ

ಸೊಕ್ಕೆ ಊರಿನ ಪರಮೇಶ ಮೇಷ್ಟ್ರಿಗೆ ಹೊಸ ಆಲೋಚನೆ ಬಂದಾಗಲೆಲ್ಲ ಮನೆಯಲ್ಲಿ ಒಂದು ಪಾತ್ರೆ ಕಾಣೆಯಾಗುತ್ತಿತ್ತು. ಮಳೆಮಾಪಕ ಮಾಡುತ್ತೇನೆಂದು ಹಾಲಿನ ಕ್ಯಾನು ಶಾಲೆಗೆ ಹೋಗಿತ್ತು (ಮಳೆಯೂ ಬರಲಿಲ್ಲ, ಕ್ಯಾನೂ ಬರಲಿಲ್ಲ). ಸೌರ ಒಲೆಯ ಪ್ರಯೋಗದಲ್ಲಿ ಸ್ಟೀಲ್ ಪರಾತ ಹೋಗಿತ್ತು. ಹೀಗಾಗಿ ಆ ಭಾನುವಾರ ಮಧ್ಯಾಹ್ನ ಮೇಷ್ಟ್ರು ಮೊಬೈಲ್ ಕೆಳಗಿಟ್ಟು ಸೂರು ನೋಡುತ್ತ ನಸುನಕ್ಕಾಗ, ಹೆಂಡತಿ ಅರ್ಪಿತಾ ಮೊದಲು ಹೋಗಿ ಅಡುಗೆಮನೆಯ ಬಾಗಿಲು ಮುಂದೆ ಮಾಡಿದಳು.

ಆಲೋಚನೆಗೆ ಕಾರಣವಿತ್ತು. ಕಿರುಪರೀಕ್ಷೆಯಲ್ಲಿ ‘ಶಿಲೆಗಳ ವಿಧಗಳನ್ನು ಬರೆಯಿರಿ’ ಎಂದು ಕೇಳಿದ್ದಕ್ಕೆ ಮಕ್ಕಳು ‘ಸಣ್ಣ ಕಲ್ಲು, ದೊಡ್ಡ ಕಲ್ಲು, ಬಟ್ಟೆ ಒಗೆಯೋ ಕಲ್ಲು’ ಎಂದು ಬರೆದಿದ್ದರು. ಅಗ್ನಿಶಿಲೆ, ಜಲಜಶಿಲೆ ಎಂದು ಗಂಟಲು ಹರಿದುಕೊಂಡ ಮೇಷ್ಟ್ರಿಗೆ ಅಂದು ಊಟ ಸೇರಿರಲಿಲ್ಲ. ಈಗ ಮೊಬೈಲಿನಲ್ಲಿ ಪರಿಹಾರ ಕಂಡಿತ್ತು. ಇಟ್ಟಿಗೆಯಂಥ ಗಟ್ಟಿಯೊಳಗೆ ಬಣ್ಣಬಣ್ಣದ ಕಲ್ಲು ಹುದುಗಿಸಿಡುವುದು. ಮಕ್ಕಳು ಪುಟ್ಟ ಸುತ್ತಿಗೆಯಿಂದ ಕುಟ್ಟಿ, ಬ್ರಷ್‌ನಿಂದ ಉಜ್ಜಿ ಅದನ್ನು ಹೊರತೆಗೆಯುವುದು. ಭೂಗರ್ಭ ಕೈಗೇ ಬಂದ ಹಾಗೆ. ಕಲ್ಲುಗಳನ್ನು ಆನ್‌ಲೈನಿನಲ್ಲಿ ತರಿಸಿದರು. ಇಟ್ಟಿಗೆ ಮಾತ್ರ ಸ್ವದೇಶಿಯಾಗಿಯೇ, ಅಂದರೆ ಮನೆಯಲ್ಲೇ ಆಗಬೇಕೆಂದು ತೀರ್ಮಾನಿಸಿದರು.

ಮೊದಲನೆಯದನ್ನು ಸಿಮೆಂಟಿನಲ್ಲಿ ಮಾಡಿದರು. ಒಣಗಿದ ಮೇಲೆ ಕುಟ್ಟಿದರೆ ಸುತ್ತಿಗೆಯ ಹಿಡಿ ಮುರಿಯಿತು, ಇಟ್ಟಿಗೆ ಮುರಿಯಲಿಲ್ಲ. ಅವರ ತಾಯಿ ಮೂಕಮ್ಮ (ಹೆಸರಷ್ಟೇ ಮೂಕಮ್ಮ) ಅದನ್ನೊಮ್ಮೆ ತಿರುಗಿಸಿ ನೋಡಿ, “ಗಟ್ಟಿ ಐತೆ” ಎಂದು ಬಚ್ಚಲಿಗೆ ಒಯ್ದು ಬಕೆಟ್ಟಿನ ಕೆಳಗಿಟ್ಟರು. ಅದರೊಳಗಿನ ಕಲ್ಲು ಇಂದಿಗೂ ಅಲ್ಲೇ ಇದೆ.

ಎರಡನೆಯ ಪ್ರಯತ್ನಕ್ಕೆ ಮೆದುವಾದ ಭೂಮಿ ಬೇಕಾಗಿತ್ತು.

“ಅರ್ಪಿತಾ, ಮೈದಾ ಡಬ್ಬಿ ಎಲ್ಲೈತೆ?”

“ಯಾಕ್ರೀ?”

“ಭೂಮಿ ಮಾಡಾಕೆ.”

“ಭೂಮಿ ಮೈದಾದಾಗೆ ಆಗೈತೇನ್ರೀ?”

“ಬರೀ ಮೈದಾ ಅಲ್ಲ. ಮಣ್ಣು ನಾನು ತಂದೀನಿ. ಉಪ್ಪು ಬೇಕು. ಅಂಟಾಕೆ ಒಂದಿಷ್ಟು ಬೆಲ್ಲದ ನೀರು ಬೇಕು.”

ಪಡಸಾಲೆಯಲ್ಲಿ ಮಲಗಿದ್ದ ಮೂಕಮ್ಮ ಕಣ್ಣು ತೆರೆಯದೆ ಕೇಳಿದರು: “ಏಲಕ್ಕಿ ಹಾಕಾದಿಲ್ಲೇನಪ್ಪ?”

ವಿಜ್ಞಾನಿಗಳಿಗೆ ಇಂಥ ಕುಹಕ ಹೊಸದಲ್ಲ. ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಅಂಗಳದಲ್ಲಿ ಕೂತು ಕಲಸಿದರು. ಅರ್ಪಿತಾ ವರ್ಷಗಟ್ಟಲೆ ಕಾಪಾಡಿಕೊಂಡು ಬಂದಿದ್ದ ಐಸ್‌ಕ್ರೀಮ್ ಡಬ್ಬಿಗಳೇ ಅಚ್ಚುಗಳಾದವು. ಮೈದಾ ಸಾಲದೆ ಬಂದಾಗ ಕೊಟ್ಟಿಗೆಯ ಮೂಲೆಯ ಚೀಲದಿಂದ ಮೆಕ್ಕೆಜೋಳದ ನುಚ್ಚು ತಂದು ಬೆರೆಸಿದರು.

“ಅದು ಎಮ್ಮೆದು,” ಅಂದರು ಮೂಕಮ್ಮ.

“ಎಮ್ಮೆಗೆ ನಾಳೆ ತರ್ತೀನಿ ಬಿಡವ್ವ.”

ಒಣಗಿಸಲು ಜಾಗ ಬೇಕಿತ್ತು. ಮಾಳಿಗೆಯ ಮೇಲೆ ಅರ್ಪಿತಾಳ ಹಪ್ಪಳಗಳಿದ್ದವು, ಅಲ್ಲಿಗೆ ಭೂವಿಜ್ಞಾನಕ್ಕೆ ಪ್ರವೇಶವಿರಲಿಲ್ಲ. ಕೊನೆಗೆ ಇಟ್ಟಿಗೆಗಳನ್ನೆಲ್ಲ ಕೊಟ್ಟಿಗೆಯ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿದರು. ಎಮ್ಮೆ ಒಮ್ಮೆ ಮೂಗು ಅರಳಿಸಿ ಸುಮ್ಮನಾಯಿತು.

“ಎಮ್ಮೆ ಬಾಯಿಗೆ ಸಿಗಂಗೆ ಇಡಬ್ಯಾಡ ಪರಮೇಶ.”

“ಅವ್ವಾ, ಇದು ಮಣ್ಣು. ಎಮ್ಮೆ ಹುಲ್ಲು ತಿಂತೈತೆ, ಮಣ್ಣು ತಿನ್ನಾದಿಲ್ಲ. ಅದು ಸಸ್ಯಾಹಾರಿ.”

ಬೆಳಿಗ್ಗೆ ಎದ್ದು ನೋಡಿದರೆ ಭೂಮಿಯೇ ಇರಲಿಲ್ಲ. ಕಟ್ಟೆಯ ಮೇಲೆ ಕಲ್ಲುಗಳು ಮಾತ್ರ ತೊಳೆದಿಟ್ಟಂತೆ ಹೊಳೆಯುತ್ತಿದ್ದವು. ಎಮ್ಮೆ ಕಣ್ಣು ಅರ್ಧ ಮುಚ್ಚಿ, ಪಾಠ ಚೆನ್ನಾಗಿ ಅರ್ಥವಾದವರಂತೆ ಮೆಲುಕು ಹಾಕುತ್ತಿತ್ತು. ಮೇಷ್ಟ್ರು ಕಲ್ಲುಗಳನ್ನು ಎಣಿಸಿದರು. ಇನ್ನೊಮ್ಮೆ ಎಣಿಸಿದರು. ತರಿಸಿದ್ದರಲ್ಲಿ ಸಿಮೆಂಟಿಗೆ ಹೋದದ್ದನ್ನು ಬಿಟ್ಟರೂ ಮೂರು ಕಡಿಮೆ ಇದ್ದವು.

ಅವು ಎಮ್ಮೆಯ ಹೊಟ್ಟೆಯಲ್ಲೇ ಇರಬೇಕು. ಮನೆಯ ಹಾಲು ಮೊಸರೆಲ್ಲ ಆ ಎಮ್ಮೆಯದು. ಮೇಲಾಗಿ ಅದು ಮೂಕಮ್ಮ ಮಗನಿಗಿಂತ ಹೆಚ್ಚು ನೆಚ್ಚಿಕೊಂಡಿದ್ದ ಜೀವ. ಅರ್ಪಿತಾ ಅಂಗನವಾಡಿ ಕೆಲಸದವಳು. ಅಂದು ಸಭೆಯಿದೆಯೆಂದು ನಸುಕಿಗೇ ಜಗಳೂರಿನ ಬಸ್ಸು ಹತ್ತಿದ್ದಳು. ತಾಯಿಯ ಮುಂದೆ ಮೇಷ್ಟ್ರು ಒಬ್ಬರೇ ನಿಲ್ಲಬೇಕಾಯಿತು.

ಮೂಕಮ್ಮ ಬೈಯಲಿಲ್ಲ. ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟು, “ಇದಕ್ಕೇನಾದ್ರೂ ಆದ್ರೆ ನಾಳೆಯಿಂದ ಹಾಲು ನೀನು ಕೊಡ್ತೀಯೇನಪ್ಪ?” ಎಂದು ಕೇಳಿದರು, ಅಷ್ಟೆ.

ಪಶುವೈದ್ಯ ಸತೀಶ್ ಕುಮಾರ್ ಬೈಕ್ ನಿಲ್ಲಿಸಿ ಒಳಗೆ ಬಂದರು. “ಏನು ತಿಂದೈತೆ ಸಾರ್?”

“ಬಿಳಿ ಸ್ಫಟಿಕ ಒಂದು, ಕೆಂಪು ಜಾಸ್ಪರ್ ಒಂದು, ಅಮೆಥಿಸ್ಟ್ ಒಂದು. ಅಮೆಥಿಸ್ಟ್ ಅಂದ್ರೆ ನೇರಳೆ ಬಣ್ಣದ್ದು, ಅದೂ ಒಂದು ನಮೂನೆ ಸ್ಫಟಿಕನೇ, ಅದರಾಗೆ ಕಬ್ಬಿಣದ ಅಂಶ...”

“ಸೈಜ್ ಹೇಳ್ರಿ ಸಾರ್.”

“ಹುಣಸೆ ಬೀಜದಷ್ಟು.”

ವೈದ್ಯರು ಎಮ್ಮೆಯ ಹೊಟ್ಟೆ ಒತ್ತಿ ನೋಡಿದರು, ಕಿವಿಗೊಟ್ಟು ಕೇಳಿದರು. “ಮೇವು ತಿಂತೈತೆ, ಮೆಲುಕು ಹಾಕ್ತೈತೆ. ಏನೂ ಆಗಾದಿಲ್ಲ ಅನ್ಸುತ್ತೆ. ಆದ್ರೂ ಸೆಗಣಿ ನೋಡ್ತಾ ಇರ್ರಿ. ಕಲ್ಲು ಹೊರಗೆ ಬಿದ್ರೆ ನಮಗೂ ಸಮಾಧಾನ.”

“ಯಾರು ನೋಡ್ಬೇಕು?” ಎಂದು ಮೇಷ್ಟ್ರು ಕೇಳುವಷ್ಟರಲ್ಲಿ ಮೂಕಮ್ಮ ಅವರ ಕೈಗೆ ಪೊರಕೆಯನ್ನೂ ಮಂಕರಿಯನ್ನೂ ಕೊಟ್ಟಾಗಿತ್ತು.

ಅಂದು ಶಾಲೆಯಲ್ಲಿ ಮಕ್ಕಳು ಬ್ರಷ್ ಹಿಡಿದೇ ಕೂತಿದ್ದರು. ಮೇಷ್ಟ್ರು ಮೇಜಿನ ಮೇಲೆ ಹೊಳೆಯುವ ಕಲ್ಲುಗಳನ್ನು ಸುರಿದರು.

“ಅಗೆಯಾಕೆ ಕೊಡ್ತೀನಿ ಅಂದಿದ್ರಿ ಸಾರ್,” ಅಂದಳು ಮುಂದಿನ ಸಾಲಿನ ಚೌಡೇಶ್ವರಿ. “ಮ್ಯಾಲಿನ ಮಣ್ಣೆಲ್ಲ ಏನಾತು?”

“ಸವೆದು ಹೋಯ್ತು. ಇದಕ್ಕೇ ಸವೆತ ಅಂತಾರೆ.”

“ಸವೆಯಾಕೆ ಲಕ್ಷಗಟ್ಟಲೆ ವರ್ಷ ಬೇಕು ಅಂದಿದ್ರಿ.”

ಮೇಷ್ಟ್ರು ಸುಳ್ಳು ಹೇಳುವವರಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದರು. ಅವರ ಸೇವಾವಧಿಯಲ್ಲಿ ಮಕ್ಕಳು ಅಷ್ಟು ಗಮನವಿಟ್ಟು ಕೇಳಿದ ಪಾಠ ಇನ್ನೊಂದಿಲ್ಲ. ಮುಂದಿನ ಪರೀಕ್ಷೆಯಲ್ಲಿ ಇಡೀ ತರಗತಿ ಸವೆತದ ಕಾರಣಗಳನ್ನು ‘ಗಾಳಿ, ನೀರು ಮತ್ತು ಎಮ್ಮೆ’ ಎಂದು ಒಮ್ಮತದಿಂದ ಬರೆಯಿತು. ತಪ್ಪು ಹಾಕಲು ಮೇಷ್ಟ್ರ ಮನಸ್ಸಾಕ್ಷಿ ಒಪ್ಪಲಿಲ್ಲ, ಅರ್ಧ ಅಂಕ ಕೊಟ್ಟರು.

ಮನೆಯಲ್ಲಿ ಉತ್ಖನನ ಮುಂದುವರಿಯಿತು. ಬೆಳಿಗ್ಗೆ ಒಮ್ಮೆ, ಶಾಲೆ ಬಿಟ್ಟ ಮೇಲೆ ಒಮ್ಮೆ, ಮೇಷ್ಟ್ರು ಮೂಗಿಗೆ ಟವೆಲ್ ಸುತ್ತಿಕೊಂಡು ಕಡ್ಡಿಯಿಂದ ಸೆಗಣಿ ಬಿಡಿಸಿ ನೋಡುತ್ತಿದ್ದರು. ನೋಡಿದ್ದನ್ನು ಹಾಗೇ ಬಿಡುವಂತಿಲ್ಲ, ತಿಪ್ಪೆಗೆ ಹಾಕಬೇಕು. ಹಾಕಿದ ಮೇಲೆ ನೆಲ ಗುಡಿಸಬೇಕು. ಗುಡಿಸಿದ ಮೇಲೆ ನೀರು ಹಾಕದಿದ್ದರೆ ಗುಡಿಸಿದ್ದೇ ವ್ಯರ್ಥ. ಅಷ್ಟು ದಿನ ಆ ಕೆಲಸ ಮಾಡುತ್ತಿದ್ದ ಅತ್ತೆ ಸೊಸೆ ಈಗ ಪಡಸಾಲೆಯಲ್ಲಿ ಕೂತು ಸೊಪ್ಪು ಬಿಡಿಸುತ್ತ, “ಸಿಕ್ತೇನ್ರೀ?” “ಇನ್ನೂ ಇಲ್ಲೇನಪ್ಪ?” ಎಂದು ಕಾಳಜಿಯಿಂದ ವಿಚಾರಿಸುತ್ತಿದ್ದರು. ಆ ಕಾಳಜಿ ಕಂಡು ಮೇಷ್ಟ್ರ ಕಣ್ಣು ಒಂದೆರಡು ಸಲ ಒದ್ದೆಯಾದದ್ದೂ ಉಂಟು (ಸೆಗಣಿಯ ಘಾಟೂ ಇದ್ದಿರಬಹುದು).

ಒಂದು ಸಂಜೆ ರಸ್ತೆಯಲ್ಲಿ ಬೈಕ್ ನಿಂತಿತು.

“ಏನ್ ಸಾರ್, ಇನ್ನೂ ಕೂತೀರಿ?” ಅಂದರು ಸತೀಶ್ ಕುಮಾರ್. “ಕಲ್ಲು ಸಿಕ್ಕಿದ್ವಂತಲ್ಲ.”

“ಯಾರು ಹೇಳಿದ್ರು?”

“ಮೇಡಮ್ಮೋರೇ ಅವತ್ತೇ ಸಾಯಂಕಾಲ ಫೋನ್ ಮಾಡಿ ಹೇಳಿದ್ರು.”

ಮೇಷ್ಟ್ರು ಕಡ್ಡಿ ಹಿಡಿದುಕೊಂಡೇ ಒಳಗೆ ಬಂದರು. ಅರ್ಪಿತಾ ಕೇಳುವ ಮೊದಲೇ ಕಿಟಕಿಯತ್ತ ಕೈ ತೋರಿಸಿದಳು. ಮನಿಪ್ಲಾಂಟಿನ ಗಾಜಿನ ಬಾಟಲಿಯ ತಳದಲ್ಲಿ ಬಿಳಿಯದೊಂದು, ಕೆಂಪಿನದೊಂದು, ನೇರಳೆಯದೊಂದು ಕಲ್ಲು ನೀರೊಳಗೆ ಮಿನುಗುತ್ತಿದ್ದವು.

“ನೀವು ಮಣ್ಣು ಕಲಸ್ತಿದ್ದಾಗ್ಲೇ ಎತ್ತಿಟ್ಟಿದ್ದೆ. ಚಂದ ಇದ್ವು.”

“ನಂಗೊಂದು ಮಾತು ಹೇಳಬಾರದಿತ್ತೇನು?”

“ಮೀಟಿಂಗಿಂದ ಬಂದ ಕೂಡ್ಲೇ ಹೇಳಾಕೆ ಅಂತ್ಲೇ ಕೊಟ್ಟಿಗಿಗೆ ಬಂದೆ ಕಣ್ರೀ. ನೀವು ಬಗ್ಗಿ ಕಸ ಹೊಡೀತಿದ್ರಿ. ಮದುವೆಯಾದಾಗಿಂದ ನಾನು ಅದನ್ನ ನೋಡಿರ್ಲಿಲ್ಲ. ಬಾಯೇ ಬರಲಿಲ್ಲ ನಂಗೆ.”

“ನಾನೇ ಬ್ಯಾಡ ಅಂದೆ,” ಅಂದರು ಮೂಕಮ್ಮ, ಸೊಪ್ಪಿನಿಂದ ತಲೆಯೆತ್ತದೆ. “ಇನ್ನೊಂದು ವಾರ ಹೋಗಿದ್ರೆ ನಿಂಗೆ ರೂಢಿ ಆಗಿರೋದು. ಆ ಡಾಕ್ಟ್ರಿಗೆ ಬಾಯಾಗೆ ಮಾತು ನಿಲ್ಲಾದಿಲ್ಲ.”

ಮೇಷ್ಟ್ರು ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಅರ್ಪಿತಾ ಅವರ ಕೈಯ ಕಡ್ಡಿಯನ್ನು ನೋಡಿ, “ಅರ್ಧಕ್ಕೆ ಬಿಟ್ಟು ಬಂದೀರಲ್ರೀ,” ಅಂದಳು.

ಹೌದಲ್ಲ ಎಂದುಕೊಂಡು ಮೇಷ್ಟ್ರು ಮೂಗಿಗೆ ಟವೆಲ್ ಸರಿಮಾಡಿಕೊಂಡು ಹೊರಗೆ ಹೋದರು. ನೀರೂ ಹಾಕಿಯೇ ಒಳಗೆ ಬಂದರು.