ನಾನು ಹೆರದ ಕೂಸಿಗೆ ನನ್ನನ್ನೇ ತಾಯಿ ಮಾಡಿರುವ ಬಗ್ಗೆ

ಇಂದ:
ಮಹಾನಂದಾ ತಂದೆ ಅಣ್ಣಾರಾಯ, ವಯಸ್ಸು ೫೧,
ಅವಿವಾಹಿತೆ (ತಮ್ಮ ದಾಖಲೆಯ ಪ್ರಕಾರ ಬಾಣಂತಿ),
ಹೊಲಿಗೆ ಕೆಲಸ, ಕಡಗಂಚಿ, ತಾ. ಆಳಂದ.

ಗೆ:
ಜನನ-ಮರಣ ನೋಂದಣಾಧಿಕಾರಿಗಳು,
ಕಿಟಕಿ ಸಂಖ್ಯೆ ಮೂರು (ಮುಚ್ಚಿರುತ್ತದೆ).

ವಿಷಯ: ತಾಯಿಯ ಹೆಸರಿನಿಂದ ನನ್ನನ್ನು ಬಿಡುಗಡೆ ಮಾಡಿ, ಹೆತ್ತವಳ ಹೆಸರು ಬರೆಯುವ ಕುರಿತು.

ಉಲ್ಲೇಖ: ೧. ತಾವು ನೀಡಿದ ಜನನ ಪ್ರಮಾಣಪತ್ರ.
೨. ನನ್ನ ಹಿಂದಿನ ಮೂರು ಅರ್ಜಿಗಳು. ತಮ್ಮ ಉತ್ತರ ಬಾರದ ಕಾರಣ ಅದನ್ನು ಉಲ್ಲೇಖಿಸಿಲ್ಲ.
೩. ವಿಚಾರಣೆಗೆ ಬರಲು ತಮ್ಮ ನೋಟೀಸು.

ಮಾನ್ಯರೇ,

೧. ಕಳೆದ ತಿಂಗಳು ಆಶಾ ಕಾರ್ಯಕರ್ತೆ ಖುರ್ಷಿದ ನಮ್ಮ ಮನೆಗೆ ಬಂದು, "ಕೂಸಿಗಿ ಮೂರು ಡೋಸ್ ತಪ್ಪ್ಯಾವ್ರಿ, ಎಲ್ಲಿ ಅದ ಕೂಸು?" ಎಂದರು. "ಯಾರ ಕೂಸ್ರಿ?" ಎಂದೆ. "ನಿಮ್ಮದೇ ರಿ" ಎಂದರು. ನಮ್ಮವ್ವ ರುಕ್ಮಿಣಿಬಾಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನನಗರ ಒಂದ್ ಮಾತು ಹೇಳಬಾರದಿತ್ತೇನ್ ಬೇ?" ಎಂದಳು.

೨. ಪ್ರಮಾಣಪತ್ರ ತೆಗೆಸಿ ನೋಡಲಾಗಿ, ನನ್ನದೇ ಆಧಾರ್ ಮೇಲೆ ಆಸ್ಪತ್ರೆಯೊಂದರಲ್ಲಿ ನನಗೆ ಸುಖಪ್ರಸವವಾಗಿದೆ. ಅದರಲ್ಲಿ ಬೀರಣ್ಣ ಎಂಬವರು ನನ್ನ ಗಂಡ. ನಮ್ಮವ್ವ ಮೂವತ್ತು ವರ್ಷ ಹುಡುಕಿದರೂ ಸಿಗದ ಗಂಡನನ್ನು ತಮ್ಮ ಕಚೇರಿ ಒಂದೇ ಸಾಲಿನಲ್ಲಿ ಒದಗಿಸಿದೆ. ಅದಕ್ಕೆ ಆಭಾರಿಯಾಗಿದ್ದೇನೆ.

೩. ಆಧಾರ್ ವಂಚನೆಯ ದೂರಿಗೆಂದು ಸೈಬರ್ ಸಹಾಯವಾಣಿಗೆ ಫೋನ್ ಮಾಡಿದೆ. "ಖಾತೆಯಿಂದ ಏನು ಹೋಗಿದೆ?" ಎಂದು ಕೇಳಿದರು. ಹೋಗಿಲ್ಲ, ಒಂದು ಕೂಸು ಬಂದಿದೆ ಎಂದೆ. ಅದಕ್ಕೆ ಒತ್ತಲು ಅವರಲ್ಲಿ ಸಂಖ್ಯೆಯೇ ಇಲ್ಲವಂತೆ. ಆಧಾರ್ ಲಾಕ್ ಮಾಡಿಸಲು ಹೇಳಿದರು, ಮಾಡಿಸಿದೆ. ಆದ್ದರಿಂದ ಎರಡನೆಯ ಹೆರಿಗೆಯ ಭಯ ಸದ್ಯಕ್ಕಿಲ್ಲ.

೪. ತಮ್ಮ ಗುಮಾಸ್ತರಾದ ಪಾಂಡುರಂಗ ಅವರು, "ಹಡದಿಲ್ಲಂತ ಡಾಕ್ಟರ್ ಸರ್ಟಿಫಿಕೇಟ್ ತರ್ರಿ" ಎಂದರು. ಡಾಕ್ಟರು, "ಹಡದದ್ದಕ್ಕ ಕೊಡ್ತೇವ್ರಿ, ಹಡೀದಿದ್ದಕ್ಕ ಫಾರ್ಮೇ ಇಲ್ಲ" ಎಂದರು.

೫. ಕಾರಣ, ಆಸ್ಪತ್ರೆಯಲ್ಲಿ ಬರೆಸಿದ್ದ ಫೋನ್ ನಂಬರು ಹಿಡಿದು ನಾನೂ ಖುರ್ಷಿದರೂ ಹಿರೋಳ್ಳಿಗೆ ಹೋದೆವು. ಅಲ್ಲಿ ಕೂಲಿ ಮಾಡುವ ಮಧುಮತಿ (ಸದರಿ ಬೀರಣ್ಣನವರ ನಿಜವಾದ ಹೆಂಡತಿ), ವಯಸ್ಸು ಇಪ್ಪತ್ತೆರಡು, ನನ್ನ ಹೆಸರು ಕೇಳಿದ ಕೂಡಲೇ ಕೂಸನ್ನು ಅವುಚಿಕೊಂಡು ಒಳಗೆ ಹೋಗಿ ಅಗಳಿ ಹಾಕಿಕೊಂಡಳು.

"ಒಯ್ಯಾಕ ಬಂದೀರೇನ್ರಿ?" ಎಂದಳು ಬಾಗಿಲ ಹಿಂದಿನಿಂದ.

"ಇಲ್ಲವ್ವಾ. ನನ್ನ ಹೆಸರು ಒಯ್ಯಾಕ ಬಂದೇನಿ."

ಬಾಗಿಲು ತೆರೆಯಲು ಬಹಳ ಹೊತ್ತಾಯಿತು. "ನನ್ನ ಕಾರ್ಡ್ ತವರಮನ್ಯಾಗ ಉಳದಿತ್ರಿ. ಬ್ಯಾನಿ ಎದ್ದಾಗ ದವಾಖಾನ್ಯಾಗ ಕಾರ್ಡ್ ಕೇಳಿದ್ರು, ಫಾರ್ಮ್ ತುಂಬೋ ಸುಧೀರ ಒಂದು ಕಾಗದ ಕೊಟ್ಟ. ಯಾರದಂತ ಕೇಳಾಕ ನನಗ ಉಸರರ ಎಲ್ಲಿತ್ರಿ? ಆಮ್ಯಾಗ ಗೊತ್ತಾತು, ಕೂಸು ನಿಮ್ಮ ಹೆಸರಿಗಿ ಅದ ಅಂತ. ದವಾಖಾನಿಗಿ ಹೋದ್ರ ಕಸಗೊಂತಾರಂತ ಹೋಗಲೇ ಇಲ್ರಿ" ಎಂದು ಅತ್ತಳು. ನಾನು ಬೈಯಲೆಂದೇ ಮೂರು ದಿನ ಮಾತು ಕೂಡಿಟ್ಟುಕೊಂಡು ಹೋಗಿದ್ದೆ. ಅವನ್ನೆಲ್ಲ ಸುಧೀರನಿಗೆ ಕಾದಿರಿಸಿ, ಅವಳಿಗೆ ಕುಡಿಯಲು ನೀರು ಕೊಟ್ಟೆ.

೬. ಸದರಿ ಸುಧೀರ ಆಳಂದದಲ್ಲಿ ಫಾರ್ಮ್ ತುಂಬುವ ಅಂಗಡಿ ಇಟ್ಟಿದ್ದವನು. ಸರಕಾರಿ ಹೊಲಿಗೆ ಯಂತ್ರಕ್ಕೆಂದು ಅವನಿಗೆ ನನ್ನ ಆಧಾರಿನ ಝೆರಾಕ್ಸ್ ಕೊಟ್ಟಿದ್ದೆ. ಯಂತ್ರ ಬರಲಿಲ್ಲ. ಆ ಕಾಗದದಲ್ಲಿ ನನ್ನ ಹುಟ್ಟಿದ ವರ್ಷವೂ ಕನ್ನಡಕದ ಮುಖವೂ ಇದ್ದವು. ಆಸ್ಪತ್ರೆಯಲ್ಲಿ ಎದುರಿಗೆ ಮಲಗಿದ್ದವಳ ಮುಖದೊಂದಿಗೆ ಯಾರೂ ಹೋಲಿಸಿ ನೋಡಲಿಲ್ಲ, ಕಾರಣ ಎಲ್ಲರೂ ಕರ್ತವ್ಯನಿರತರಾಗಿದ್ದರು.

೭. ಪೊಲೀಸ್ ದೂರು ಕೊಡಲು ಹೋದಾಗ ಮಧುಮತಿಯ ಹೆಸರನ್ನೇ ಮೊದಲು ಬರೆಯಲು ಹೇಳಿದರು. ನಾನು ಸುಧೀರನ ಹೆಸರಷ್ಟೇ ಬರೆದೆ. ಅವನು ಈಗ ಜೇವರ್ಗಿಯಲ್ಲಿ ಹೊಸ ಬೋರ್ಡು ಹಾಕಿ ಸಾರ್ವಜನಿಕ ಸೇವೆ ಮುಂದುವರಿಸಿದ್ದಾನೆಂದು ತಿಳಿದುಬಂದಿದೆ.

೮. ಕಳೆದ ಗುರುವಾರ ಕೂಸಿಗೆ ಮೊದಲನೆಯ ಚುಚ್ಚುಮದ್ದು ಹಾಕಿಸಿದೆವು. ತಾಯಿಯ ಸಹಿಯ ಜಾಗದಲ್ಲಿ ನಾನು ಸಹಿ ಮಾಡಿದೆ. ಹೆತ್ತವಳು ಪಕ್ಕದಲ್ಲಿ, ಹೊರಗಿನವಳಂತೆ ನಿಂತಿದ್ದಳು. ಈ ಒಂದು ಅಂಶದಲ್ಲಿ ಮಾತ್ರ ನನಗೆ ನಗು ಬರಲಿಲ್ಲ.

ಆದ್ದರಿಂದ, ನನ್ನ ಹೆಸರು ಅಳಿಸಿ ಮಧುಮತಿಯ ಹೆಸರು ಬರೆದು, ತಿದ್ದಿದ ಪ್ರತಿಯನ್ನು ಅವಳ ಕೈಗೇ ಕೊಡಬೇಕೆಂದು ಕೋರುತ್ತೇನೆ.

ತಮ್ಮ ದಾಖಲೆಯ ಹೊರಗೆ ಇಂದಿಗೂ ಇರುವ,
ಮಹಾನಂದಾ

ಲಗತ್ತುಗಳು: ೧. ಪೊಲೀಸ್ ದೂರಿನ ಸ್ವೀಕೃತಿ. ೨. ಮಧುಮತಿಯ ಆಧಾರ್, ತವರಿನಿಂದ ತರಿಸಿದ್ದು. ೩. ಹೆರಿಗೆಯ ದಿನ ಹೆರಿಗೆ ವಾರ್ಡಿನಲ್ಲಿದ್ದ ಇಬ್ಬರು ಹೆಂಗಸರ ಹೇಳಿಕೆ.

ವಿ.ಸೂ.: ನೋಟೀಸಿನ ಪ್ರಕಾರ ಸೋಮವಾರ ನಾನು, ಮಧುಮತಿ, ಕೂಸು ಮೂವರೂ ಬರುತ್ತೇವೆ. ದಯವಿಟ್ಟು ಒಂದು ಕುರ್ಚಿ ಹಾಕಿಸಿರಿ. ಸ್ವಲ್ಪ ಹೊತ್ತಿಗೆ ಕೂಸು ಹಸಿದು ಅಳುತ್ತದೆ. ಆಗ ಕುರ್ಚಿಯಲ್ಲಿ ಯಾರು ಕೂಡುತ್ತಾರೋ ಅವರ ಹೆಸರು ಬರೆದುಕೊಳ್ಳಿರಿ.