ಸಮುದ್ರದ ಮನೆಯ ಲೋಪದೋಷಗಳು

ಮಾರ್ಚ್ ತಿಂಗಳಲ್ಲಿ ಶಿಡ್ಲಘಟ್ಟದಲ್ಲಿ ರೇನ್‌ಕೋಟ್ ಕೊಳ್ಳುವುದು ಅಪರಾಧವಲ್ಲ. ಆದರೆ ಅದನ್ನು ಭಾನುವಾರ ಬೆಳಿಗ್ಗೆ ಮನೆ ಮುಂದೆ ನಿಂತು ಹಾಕಿಕೊಂಡು ನೋಡಿದ್ದು ಮುರಳಿಮೋಹನ್ ಮಾಡಿದ ತಪ್ಪು. ರಂಗೋಲಿ ಬಿಡುತ್ತಿದ್ದ ಎದುರುಮನೆಯ ಅಕ್ಕಯ್ಯಮ್ಮ ಎಳೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ನಿಂತರು.

“ಏನಪ್ಪಾ ಮುರಳಿ, ಮೋಡದ ಚೂರೂ ಇಲ್ಲ. ಯಾವೂರಿಗೆ ಹೊರಟೆ?”

ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷದಿಂದ ಗುಮಾಸ್ತರಾಗಿರುವ ಮುರಳಿಮೋಹನ್‌ಗೆ, ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಟ್ಟೇ ಅಭ್ಯಾಸ. “ಕುಮಟಾ ಹತ್ರ ಒಂದು ಮನೆ ನೋಡಿ ಬಂದಿದ್ದೀನಿ ದೊಡ್ಡಮ್ಮ. ಜಗಲೀಲಿ ಕೂತ್ರೆ ಸಮುದ್ರ ಕಾಣ್ತದೆ. ಇನ್ನೆರಡು ತಿಂಗ್ಳಿಗೆ ರಿಟೈರ್ ಆಗ್ತೀನಲ್ಲ, ಅಲ್ಲೇ ಇದ್ಬಿಡಣಾಂತ” ಅಂದುಬಿಟ್ಟರು. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಮೊಬೈಲ್ ತೆಗೆದು ಫೋಟೊ ಬೇರೆ ತೋರಿಸಿದರು.

ಆ ಮನೆ ಯಾಕೆ ಬೇಕು ಎಂಬುದನ್ನು ಮಾತ್ರ ಹೇಳಲಿಲ್ಲ. ಹೇಳುವ ಹಾಗೂ ಇರಲಿಲ್ಲ. ನಮ್ಮ ಬೀದಿಯಿಂದ ತಪ್ಪಿಸಿಕೊಳ್ಳುವುದಕ್ಕೇ ಬೇಕಾಗಿತ್ತು. ಹುಟ್ಟಿದಾಗಿನಿಂದ ಅವರು ಇದೇ ಬೀದಿಯಲ್ಲಿದ್ದಾರೆ. ಅವರ ಮನೆಯಲ್ಲಿ ಒಗ್ಗರಣೆ ಸಿಡಿದರೆ ಮೂರನೇ ಮನೆಯವರು ಇಂಗು ಜಾಸ್ತಿಯಾಯಿತು ಅನ್ನುತ್ತಾರೆ. ಯಾರಿಗೂ ತನ್ನ ಹೆಸರು ಗೊತ್ತಿಲ್ಲದ ಊರಲ್ಲಿ ಒಂದು ಜಗಲಿಯ ಮೇಲೆ ಸುಮ್ಮನೆ ಕೂರಬೇಕು, ಅಷ್ಟೇ ಅವರ ಆಸೆ. ಕೊಳ್ಳುವ ಒಪ್ಪಿಗೆಯನ್ನು ಅವತ್ತು ಸಂಜೆಯೊಳಗೆ ಹೇಳಬೇಕು, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದು ಆ ಮನೆಯ ಯಜಮಾನರು ಹೇಳಿದ್ದರು.

ಹತ್ತು ಗಂಟೆಗೆ ಬೀದಿಗೆ ಬೀದಿಯೇ ಮುರಳಿಮೋಹನ್ ಅವರ ನಡುಮನೆಯಲ್ಲಿತ್ತು.

“ಮಂಡಿನೋವಿಗೆ ಸಮುದ್ರದ ನೀರು ಒಳ್ಳೇದಂತೆ. ನಾನೊಂದು ತಿಂಗ್ಳು ಇರ್ತೀನಿ. ನಂಗೇನು, ಒಂದು ಚಾಪೆ ಸಾಕು” ಅಂದರು ಅಕ್ಕಯ್ಯಮ್ಮ.

ಪಕ್ಕದ ಮನೆಯ ರಮೇಶ್‌ಬಾಬು ಕ್ಯಾಲೆಂಡರನ್ನೇ ಗೋಡೆಯಿಂದ ಇಳಿಸಿಕೊಂಡು ಕೂತಿದ್ದರು. “ಮೇ ತಿಂಗ್ಳು ನಮ್ಗೆ ಬಿಡಿ ಸಾರ್. ನಾವು ಆರು ಜನ, ಭಾವಮೈದನ ಕಡೆಯವ್ರು ಐದು ಜನ. ಆವಾಗ ನೀವಿಬ್ರೂ ನಮ್ಮನೆಗೆ ಬಂದ್ಬಿಡಿ. ನಾಯಿ ನೋಡ್ಕೊಳ್ಳಕ್ಕೆ ಯಾರಾದ್ರೂ ಬೇಕಲ್ಲ.”

ಈ ಕತೆ ಹೇಳುತ್ತಿರುವ ನಾನೂ ದಸರಾ ರಜೆಯಲ್ಲಿ ಎರಡು ದಿನ ಕೇಳಿದ್ದೆ. ಸುಳ್ಳು ಯಾಕೆ ಹೇಳಲಿ.

ಶೋಭಾರಾಣಿ ಗಂಡನನ್ನು ಅಡುಗೆಮನೆಗೆ ಕರೆದು, “ಇರೋದು ಎರಡು ರೂಮು. ನಾವೆಲ್ಲಿ ಮಲಗೋದು, ದೋಣೀಲಾ?” ಅಂದರು.

‘ಬರಬೇಡಿ’ ಎನ್ನುವ ಮಾತು ಮುರಳಿಮೋಹನ್ ಬಾಯಿಗೆ ಬರುವುದಿಲ್ಲ. ಅದು ಬರುವ ಹಾಗಿದ್ದರೆ ಇಷ್ಟೊತ್ತಿಗೆ ಹೆಡ್‌ಮಾಸ್ಟರೇ ತನಗೆ ಹೆದರುತ್ತಿದ್ದರು ಎಂದು ಅವರೇ ಹೇಳಿಕೊಂಡು ನಗುತ್ತಾರೆ. ಹಾಗಾಗಿ ಸುಳ್ಳಿಗೆ ಕೈಹಾಕಿದರು. ಹೊರಗೆ ಬಂದು ಮುಖ ಸಣ್ಣದು ಮಾಡಿಕೊಂಡು, “ಒಂದು ವಿಷ್ಯ ಹೇಳೋದು ಮರ್ತಿದ್ದೆ. ಆ ಮನೆ ಬಾವಿ ನೀರು ಉಪ್ಪು” ಅಂದರು.

“ಕ್ಯಾನ್ ನೀರು ತರಿಸ್ಕೊಂಡ್ರಾಯ್ತು” ಅಂದರು ರಮೇಶ್‌ಬಾಬು.

“ಹೆಂಚಿನ ಸಂದೀಲಿ ಹಾವು.”

ಅಕ್ಕಯ್ಯಮ್ಮ ಚಾಪೆಯ ಮಾತು ಬಿಟ್ಟರು. ಸುಳ್ಳು ಕೆಲಸ ಮಾಡುತ್ತದೆ ಎಂದು ಗೊತ್ತಾದ ಮೇಲೆ ಮುರಳಿಮೋಹನ್ ಹಿಂದೆಮುಂದೆ ನೋಡಲಿಲ್ಲ. ಗೆದ್ದಲು ತೊಲೆ ತಿಂದಿದೆ. ಮಳೆಗಾಲದಲ್ಲಿ ಒಳಗೂ ಕೊಡೆ ಹಿಡಿದೇ ಊಟ. ಹೋದ ವರ್ಷ ಸಮುದ್ರ ಮೂರು ತೆಂಗಿನಮರ ನುಂಗಿದೆ, ಈ ವರ್ಷ ಕಾಂಪೌಂಡಿನ ಸರದಿ. ಮದುವೆಮನೆಯಲ್ಲಿ ಬಡಿಸುವವರಂತೆ ಸಾಲು ತಪ್ಪದೆ ಒಂದೊಂದನ್ನೂ ಬಡಿಸಿದರು. ಜನ ಪಾಪ ಪಾಪ ಎನ್ನುತ್ತ ಒಬ್ಬೊಬ್ಬರೇ ಎದ್ದು ಹೋದರು.

ಏಳದೆ ಉಳಿದವರು ವೆಂಕಟರವಣಪ್ಪ ಒಬ್ಬರೇ. ಅವರದು ರೇಷ್ಮೆ ನೂಲು ತೆಗೆಯುವ ಕಸುಬು. ದಿನಾ ಮಾರ್ಕೆಟ್ಟಿನಲ್ಲಿ ರೈತರು ತಂದ ಗೂಡಿನ ರಾಶಿಗೆ ಕೈಹಾಕಿ, ಕಲೆ ಇದೆ, ತೇವ ಇದೆ ಎಂದು ತೆಗಳಿ ದರ ಇಳಿಸುವುದರಲ್ಲಿ ಅವರನ್ನು ಬಿಟ್ಟರಿಲ್ಲ. ಬೆಳಗಿನಿಂದ ಅವರು ಒಂದು ರೂಮನ್ನೂ ಕೇಳಿರಲಿಲ್ಲ. ಬೀದಿಯಲ್ಲಿ ಇವರೊಬ್ಬರಾದರೂ ಮನುಷ್ಯರಿದ್ದಾರೆ ಎಂದು ಮುರಳಿಮೋಹನ್‌ಗೆ ಪ್ರೀತಿ ಉಕ್ಕಿ, ಊಟಕ್ಕೂ ಎಬ್ಬಿಸಿದರು.

“ಬಾವಿ ವರ್ಷಪೂರ್ತಿ ಉಪ್ಪಾ, ಬೇಸ್ಗೇಲಿ ಮಾತ್ರಾನಾ?” ಊಟದ ನಡುವೆ ವೆಂಕಟರವಣಪ್ಪ ಕೇಳಿದರು.

“ಬೇಸ್ಗೇಲಂತೂ ಬಾಯ್ಗೆ ಇಡಕ್ಕಾಗಲ್ಲ.”

“ತೊಲೆ ಎಷ್ಟು ಹೋಗಿದೆ?”

“ಮುಕ್ಕಾಲು.”

“ಪಾಪಂ” ಎಂದು ಅವರು ತಲೆ ಆಡಿಸಿದರು. “ಆ ಫೋಟೊ ನಂಗೂ ಒಂದು ಕಳ್ಸಿ ಸಾರ್. ಇಂಥ ಮನೆ ಹೆಂಗಿರ್ತದೆ ನೋಡಣ.”

ಮುರಳಿಮೋಹನ್ ಕಳಿಸಿದರು. ಊಟ, ಕಾಫಿ, ಸಮಾಧಾನದ ಮಾತು ಎಲ್ಲ ಮುಗಿಸಿ ವೆಂಕಟರವಣಪ್ಪ ಹೊರಟಾಗ ನಾಲ್ಕೂ ಮುಕ್ಕಾಲು. ಮುರಳಿಮೋಹನ್ ಫೋನ್ ಕೈಗೆತ್ತಿಕೊಂಡರೆ ಶೋಭಾರಾಣಿ ತಡೆದರು. “ಭಾನುವಾರ ಆರರವರೆಗೂ ರಾಹುಕಾಲ ಕಣ್ರಿ. ಮನೆ ವಿಷ್ಯ, ಆರು ಹೊಡೀಲಿ.”

ಅಷ್ಟು ಹೊತ್ತೂ ಮುರಳಿಮೋಹನ್ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಅಲೆಗಳ ಸದ್ದು ಕೇಳುತ್ತ ಕೂತರು. ಅದು ರಮೇಶ್‌ಬಾಬು ಮನೆಯ ಮಿಕ್ಸಿ. ಆದರೂ ಹಿತವಾಗಿತ್ತು.

ಆರು ಗಂಟೆ ಒಂದು ನಿಮಿಷಕ್ಕೆ ಫೋನ್ ಮಾಡಿದರು.

“ಕೊಟ್ಟಾಯ್ತಲ್ಲ ಮಾರಾಯ್ರೆ” ಅಂದರು ಯಜಮಾನರು. “ಐದು ಗಂಟೆಗೆ ನಿಮ್ಮೂರಿನವರೇ ಒಬ್ಬರು ಫೋನ್ ಮಾಡಿದ್ರು. ಬಾವಿ ಉಪ್ಪು, ತೊಲೆಗೆ ಗೆದ್ದಲು, ಸಮುದ್ರ ಒಳಗೆ ಬರ್ತಾ ಇದೆ ಅಂತ ಒಂದೇ ಸಮ ಹೇಳಿದ್ರು. ಮನೆ ಕಣ್ಣಾರೆ ನೋಡಿ ಬಂದವರೇ ಹಾಗೆ ಹೇಳ್ತಿದ್ದಾರಂತೆ. ಆ ಸುದ್ದಿ ನಾಕು ಕಡೆ ಹಬ್ಬಿದ್ರೆ ನನ್ನ ಗತಿ ಏನು? ಹೆದರಿಕೆ ಆಯ್ತು. ಅವರು ಕೇಳಿದ ರೇಟಿಗೆ ಹೂಂ ಅಂದೆ.”

ಫೋನ್ ಇಡುವಷ್ಟರಲ್ಲಿ ವೆಂಕಟರವಣಪ್ಪ ಜಿಲೇಬಿ ಪೊಟ್ಟಣ ಹಿಡಿದು ಒಳಗೆ ಬಂದರು.

“ಫೋಟೊದಲ್ಲೇ ಮಾರಾಟದ ಬೋರ್ಡಿತ್ತು ಸಾರ್, ಅದ್ರಲ್ಲೇ ನಂಬರಿತ್ತು. ನೀವು ಅಷ್ಟು ತೆಗಳ್ದಾಗಲೇ ಗೊತ್ತಾಯ್ತು, ಮನೆ ಚೆನ್ನಾಗದೆ ಅಂತ. ಕೆಟ್ಟ ಗೂಡನ್ನ ಯಾರೂ ತೆಗಳಲ್ಲ, ಸುಮ್ನೆ ಮುಂದಕ್ಕೆ ಹೋಗ್ತಾರೆ.”

“ರಾಹುಕಾಲದಲ್ಲಿ ಮಾತಾಡಿದ್ರಾ?” ಮುರಳಿಮೋಹನ್ ಕೇಳಿದರು.

“ರಾಹುಕಾಲ ನೋಡ್ಕೊಂಡು ಕೂತ್ರೆ ಗೂಡು ಚಿಟ್ಟೆ ಆಗಿ ಹಾರೋಗ್ತದೆ ಸಾರ್.”

ಮುರಳಿಮೋಹನ್‌ಗೆ ಅಳು ಬಂತು. ತನ್ನ ಮನೆಯನ್ನು ತಾನೇ ಬಾಯಿಂದ ಕೆಡವಿ ಇನ್ನೊಬ್ಬರಿಗೆ ಕಟ್ಟಿಕೊಟ್ಟ ಜಾಣತನಕ್ಕೆ ನಗುವೂ ಬಂತು. ಕೊನೆಗೆ ಆಸೆ ತಡೆಯಲಾರದೆ, ಬೆಳಿಗ್ಗೆ ಬೀದಿಯವರು ತಮ್ಮನ್ನು ಕೇಳಿದ ಹಾಗೆಯೇ ಕೇಳಿದರು.

“ವೆಂಕಟರವಣಪ್ನೋರೇ, ಮೇ ತಿಂಗ್ಳಲ್ಲಿ ನಾನೂ ಇವ್ಳೂ ಒಂದು ನಾಲ್ಕು ದಿನ ಬಂದಿರಬಹುದಾ? ಜಗಲೀಲಿ ಜಾಗ ಕೊಟ್ರೆ ಸಾಕು.”

ವೆಂಕಟರವಣಪ್ಪ ಮುಖ ಸಣ್ಣದು ಮಾಡಿಕೊಂಡರು.

“ಮೇ ತಿಂಗ್ಳಾ? ಬಾವಿ ನೀರು ಬಾಯ್ಗೆ ಇಡಕ್ಕಾಗಲ್ವಂತಲ್ಲ ಸಾರ್” ಅಂದರು. “ಮೇಲೆ ಹಾವು ಬೇರೆ.”